ಗಂಡಿಪೇಟೆಯ ಅಣೆಕಟ್ಟು ಕಟ್ಟಿದ್ದು ಯಾತಕ್ಕೆ?

ಹೈದರಾಬಾದಿನ ಪಶ್ಚಿಮ ಅಂಚಿನಲ್ಲಿ ಎರಡು ಹಳೆಯ ಅಣೆಕಟ್ಟುಗಳಿವೆ. ಮೂಸಿ ನದಿಗೆ ಗಂಡಿಪೇಟೆಯಲ್ಲಿ ಅಡ್ಡಲಾಗಿ ಕಟ್ಟಿದ ಉಸ್ಮಾನ್‌ಸಾಗರ 1920ರಲ್ಲಿ ಮುಗಿಯಿತು. ಮೂಸಿಗೆ ಬಂದು ಸೇರುವ ಈಸಿ ನದಿಯ ಮೇಲಿನ ಹಿಮಾಯತ್‌ಸಾಗರ 1927ರಲ್ಲಿ ಮುಗಿಯಿತು. ನಗರವನ್ನು ನೆರೆಯಿಂದ ಉಳಿಸಬೇಕೆಂಬುದು ಇವುಗಳ ಹುಟ್ಟಿಗೆ ಮೊದಲ ಕಾರಣ. ಕುಡಿಯುವ ನೀರು ಆಮೇಲಿನದು. ಒಂದು ಶತಮಾನ ಕಳೆದ ಮೇಲೆ ಆ ಮೊದಲ ಕಾರಣವನ್ನೇ ಅಳಿಸಿಹಾಕುವ ವಾದವೊಂದು ಸರ್ಕಾರಿ ಕಡತಗಳಲ್ಲಿ, ನಿವೇಶನದ ಜಾಹೀರಾತುಗಳಲ್ಲಿ, ಚುನಾವಣಾ ಭಾಷಣಗಳಲ್ಲಿ ನೆಲೆಯೂರಿದೆ. ನಗರಕ್ಕೆ ಈಗ ಕೃಷ್ಣೆ ಮತ್ತು ಗೋದಾವರಿಯ ನೀರು ಬರುತ್ತಿದೆ, ಈ ಹಳೆಯ ಜಲಾಶಯಗಳು ಕೊಡುವ ನೀರು ಲೆಕ್ಕಕ್ಕೆ ಸಿಗದಷ್ಟು ಕಡಿಮೆ, ಆದ್ದರಿಂದ ಅವುಗಳ ಸುತ್ತಲಿನ ನಿರ್ಬಂಧಗಳು ಅನಗತ್ಯ ಎಂಬುದು ಆ ವಾದ. ಇದು ತಪ್ಪು ವಾದ. ಜನರ ಪ್ರಾಣವನ್ನು ಪಣಕ್ಕಿಡುವ ವಾದವೂ ಹೌದು.

1908ರ ಸೆಪ್ಟೆಂಬರ್ ಕೊನೆಯಲ್ಲಿ ಮೂಸಿಯ ಮೇಲ್ದಂಡೆಯಲ್ಲಿ ಸುರಿದ ಮಳೆಯಿಂದಲೇ ಈ ಕಥೆಯನ್ನು ಆರಂಭಿಸಬೇಕು. ಶಂಶಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ, 48 ಗಂಟೆಗಳಲ್ಲಿ ಸುಮಾರು 19 ಅಂಗುಲ ಮಳೆಯಾಯಿತು. ಮಳೆ ಎಷ್ಟು ಭೀಕರವಾಗಿತ್ತೋ ಕೆರೆಗಳ ಕುಸಿತವೂ ಅಷ್ಟೇ ಭೀಕರವಾಗಿತ್ತು. ನಗರದ ಮೇಲ್ಭಾಗದ ಜಲಾನಯನ ಪ್ರದೇಶದಲ್ಲಿ ಆಗ 788 ಕೆರೆಗಳಿದ್ದವು, ಅಂದರೆ ಹೆಚ್ಚುಕಡಿಮೆ ಒಂದು ಚದರ ಮೈಲಿಗೆ ಒಂದು ಕೆರೆ. ಮೇಲಿನ ಕೆರೆಯ ಏರಿ ಒಡೆದು ಅದರ ನೀರು ಕೆಳಗಿನ ಕೆರೆಗೆ ನುಗ್ಗಿತು, ಆ ಹೊರೆ ತಾಳದೆ ಅದೂ ಒಡೆಯಿತು. ಹೀಗೆ ಸಾಲಾಗಿ 221 ಕೆರೆಗಳು ಒಡೆದವು, ಅವುಗಳಲ್ಲಿ 182 ಈಸಿಯ ಕಡೆಯವು. ಸೆಪ್ಟೆಂಬರ್ 28ರಂದು ನಗರದೊಳಗೆ ಹರಿದ ಪ್ರವಾಹದ ಗರಿಷ್ಠ ಪ್ರಮಾಣವನ್ನು 4,25,000 ಕ್ಯುಸೆಕ್ ಎಂದು ಅಂದಾಜಿಸಲಾಯಿತು. ಅಫ್ಜಲ್‌ಗಂಜ್‌ನ ಆಸ್ಪತ್ರೆ ರೋಗಿಗಳ ಸಮೇತ ಕುಸಿಯಿತು. ಅದರ ಆವರಣದ ಹುಣಸೆ ಮರವನ್ನೇರಿ ಸುಮಾರು 150 ಮಂದಿ ಬದುಕಿಕೊಂಡರು. ಸತ್ತವರು ಸುಮಾರು 15,000 ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಅಂದಾಜು.

ಮುಂಬಯಿ ಸರ್ಕಾರದ ಸೇವೆಯಿಂದ ಹೊರಬಂದು ಯುರೋಪ್ ಪ್ರವಾಸದಲ್ಲಿದ್ದ ಎಂ. ವಿಶ್ವೇಶ್ವರಯ್ಯನವರಿಗೆ ನಿಜಾಮ್ ಸರ್ಕಾರದ ಕರೆ ಹೋಯಿತು. 1909ರ ಏಪ್ರಿಲ್‌ನಲ್ಲಿ ಅವರು ಹೈದರಾಬಾದಿನಲ್ಲಿ ಕೆಲಸ ಆರಂಭಿಸಿದರು. ಅದೇ ಅಕ್ಟೋಬರ್‌ನಲ್ಲಿ ವರದಿ ಕೊಟ್ಟು, ನವೆಂಬರ್‌ನಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಹುದ್ದೆಗೆ ಬಂದರು. ಕನ್ನಡ ನಾಡು ಅವರನ್ನು ಕನ್ನಂಬಾಡಿ ಕಟ್ಟೆಯ ಮೂಲಕ ನೆನೆಯುತ್ತದೆ. ಆದರೆ ಅದಕ್ಕೂ ಮುಂಚಿನ ಈ ಕೆಲಸ ಎಂಜಿನಿಯರಿಂಗ್ ವಿಚಾರದಲ್ಲಿ ಅದಕ್ಕಿಂತ ಕಡಿಮೆಯದಲ್ಲ. ನಗರದೊಳಗೆ ಗೋಡೆ ಎತ್ತರಿಸಿದ ಮಾತ್ರಕ್ಕೆ ಇಷ್ಟು ದೊಡ್ಡ ನೆರೆಯನ್ನು ತಡೆಯಲಾಗದು, ನೆರೆ ನಗರಕ್ಕೆ ಬರುವ ಮೊದಲೇ ಅದನ್ನು ಮೇಲೆಯೇ ಹಿಡಿದಿಟ್ಟು ನದಿ ತಾಳುವಷ್ಟನ್ನೇ ಕೆಳಗೆ ಬಿಡಬೇಕು ಎಂಬುದು ಅವರ ತೀರ್ಮಾನ. ಅದಕ್ಕಾಗಿ ಮೂಸಿಯ ಮೇಲೆ ಸುಮಾರು 8.4 ಟಿಎಂಸಿ ಅಡಿ, ಈಸಿಯ ಮೇಲೆ ಸುಮಾರು 11.9 ಟಿಎಂಸಿ ಅಡಿ ಗಾತ್ರದ ಎರಡು ಪ್ರವಾಹ ಜಲಾಶಯಗಳನ್ನು ಅವರು ಸೂಚಿಸಿದರು. ಎರಡೂ ಸೇರಿ 20 ಟಿಎಂಸಿ ದಾಟುವ ಯೋಜನೆ ಅದು. ಇಂದು ಪೂರ್ಣ ಮಟ್ಟದಲ್ಲಿ ಉಸ್ಮಾನ್‌ಸಾಗರ ಹಿಡಿಯುವುದು 3.9 ಟಿಎಂಸಿ, ಹಿಮಾಯತ್‌ಸಾಗರ ಮೂರಕ್ಕೆ ಸ್ವಲ್ಪ ಕಡಿಮೆ.

ನೆರೆ ತಡೆಯುವ ಅಣೆಕಟ್ಟಿನ ಕೆಲಸವೇನೆಂದು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಇಡೀ ಗೊಂದಲದ ಬೇರು ಇಲ್ಲಿದೆ. ನೀರಾವರಿ ಅಥವಾ ಕುಡಿಯುವ ನೀರಿನ ಜಲಾಶಯದ ಬೆಲೆ ಅದರಲ್ಲಿರುವ ನೀರಿನಲ್ಲಿದೆ. ನೆರೆ ತಡೆಯುವ ಜಲಾಶಯದ ಬೆಲೆ ಅದರಲ್ಲಿ ಖಾಲಿ ಇರುವ ಜಾಗದಲ್ಲಿದೆ. ಮಳೆ ಬಂದಾಗ ಒಳಹರಿವಿನ ತುದಿಯನ್ನು ಆ ಖಾಲಿ ಜಾಗ ನುಂಗಬೇಕು. ಒಂದು ರಾತ್ರಿಯಲ್ಲಿ ಬರುವ ನೀರನ್ನು ಎರಡು ಮೂರು ದಿನಗಳಿಗೆ ಹರಡಿ ಕೆಳಗೆ ಕಳಿಸಬೇಕು. ಜಲಾಶಯ ಮೊದಲೇ ಅಂಚಿನವರೆಗೆ ತುಂಬಿದ್ದರೆ ಒಳಗೆ ಬಂದಷ್ಟನ್ನು ಹಾಗೆಯೇ ಹೊರಗೆ ಬಿಡದೆ ಬೇರೆ ದಾರಿ ಇರುವುದಿಲ್ಲ. ಗೇಟು ತೆರೆಯುವುದು ತಡವಾದರೆ ಅದಕ್ಕಿಂತಲೂ ಕೆಟ್ಟದಾಗುತ್ತದೆ. ಹಾಗಿರುವಾಗ ಇಂಥ ಅಣೆಕಟ್ಟಿನ ಉಪಯೋಗವನ್ನು ಅದು ನಲ್ಲಿಗೆ ಕಳಿಸುವ ನೀರಿನ ಶೇಕಡಾವಾರು ಲೆಕ್ಕದಲ್ಲಿ ಅಳೆಯುವುದು ಯಾವ ಎಂಜಿನಿಯರಿಂಗ್?

ಈ ಮರೆವು ಒಂದೇ ದಿನದಲ್ಲಿ ಬಂದದ್ದಲ್ಲ. ಅಣೆಕಟ್ಟುಗಳು ಮುಗಿದ ಮೇಲೆ ನಗರ ಅವುಗಳ ನೀರಿಗೆ ಒಗ್ಗಿಕೊಂಡಿತು. ಗಂಡಿಪೇಟೆ ನೀರಿನ ರುಚಿಗೆ ಹೆಸರು ಬಂತು. ಹಲವು ದಶಕ ಹೈದರಾಬಾದಿನ ಬಾಯಾರಿಕೆಯನ್ನು ನೀಗಿದ್ದು ಈ ಎರಡು ಜಲಾಶಯಗಳೇ. ಆಮೇಲೆ ಮಂಜೀರಾ ಬಂತು, 2000ರ ದಶಕದಲ್ಲಿ ಕೃಷ್ಣೆ ಬಂತು, ಅದರ ಮುಂದಿನ ದಶಕದಲ್ಲಿ ಗೋದಾವರಿ ಬಂತು. ನಡುವೆ ಅಣೆಕಟ್ಟುಗಳ ನಿರ್ವಹಣೆ ನಗರದ ಜಲಮಂಡಳಿಯ ಕೈಸೇರಿತ್ತು. ನೀರು ಸರಬರಾಜು ಮಾಡುವ ಸಂಸ್ಥೆಗೆ ತುಂಬಿದ ಜಲಾಶಯ ಲಾಭ, ಖಾಲಿ ಜಲಾಶಯ ನಷ್ಟ. ಅದರ ಮಾಪನ ಪಟ್ಟಿಯಲ್ಲಿ ನೆರೆಯ ಜಾಗಕ್ಕೆ ಅಂಕಣವೇ ಇಲ್ಲ. ನೆರೆ ತಡೆಯಲು ಕಟ್ಟಿದ ಗೇಟುಗಳ ಕೀಲಿಯನ್ನು ನೆರೆ ತಡೆಯುವುದು ಪ್ರಧಾನ ಹೊಣೆಯಲ್ಲದ ಸಂಸ್ಥೆಗೆ ಕೊಟ್ಟದ್ದು ಈ ಇತಿಹಾಸದ ಮೊದಲ ದೊಡ್ಡ ತಪ್ಪು.

ಎರಡನೆಯ ತಪ್ಪು ಒಳ್ಳೆಯ ಉದ್ದೇಶದ ಬೆನ್ನಿಗೇ ಬಂತು. 1996ರ ಮಾರ್ಚ್‌ನಲ್ಲಿ ಆಂಧ್ರಪ್ರದೇಶ ಸರ್ಕಾರ ಹೊರಡಿಸಿದ 111ನೇ ಆದೇಶ, ಜಲಾಶಯಗಳ ಪೂರ್ಣ ಮಟ್ಟದಿಂದ ಹತ್ತು ಕಿಲೋಮೀಟರ್ ವ್ಯಾಪ್ತಿಯ 84 ಹಳ್ಳಿಗಳಲ್ಲಿ ಮಾಲಿನ್ಯಕಾರಕ ಕೈಗಾರಿಕೆ, ದೊಡ್ಡ ಹೋಟೆಲು, ವಸತಿ ಬಡಾವಣೆಗಳನ್ನು ನಿರ್ಬಂಧಿಸಿತು. ಸುಮಾರು 1.32 ಲಕ್ಷ ಎಕರೆ ಅದರ ವ್ಯಾಪ್ತಿಗೆ ಬಂತು. ಜಲಾಶಯದ ಸಮೀಪ ಎಣ್ಣೆ ಕಾರ್ಖಾನೆಯೊಂದನ್ನು ಕಟ್ಟಲು ಹೊರಟಾಗ ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2000ದ ಡಿಸೆಂಬರ್‌ನಲ್ಲಿ ನ್ಯಾಯಾಲಯ ನಿರ್ಬಂಧದ ಪರವಾಗಿಯೇ ನಿಂತಿತು. ಆ ಆದೇಶ ಇಲ್ಲದಿದ್ದರೆ ಗಂಡಿಪೇಟೆಯ ಮೇಲ್ಭಾಗದಲ್ಲಿ ಇಂದು ಒಂದು ತುಂಡು ಹೊಲವೂ ಉಳಿಯುತ್ತಿರಲಿಲ್ಲ. ಆದರೂ ಅದರಲ್ಲಿ ಒಂದು ಬಿರುಕಿತ್ತು. ಕುಡಿಯುವ ನೀರು ಕೆಡಬಾರದು ಎಂಬ ಒಂದೇ ನೆಲೆಯ ಮೇಲೆ ಅದು ನಿಂತಿತ್ತು, ನೆರೆಯ ಮಾತು ಅದರ ಕೇಂದ್ರದಲ್ಲಿ ಇರಲಿಲ್ಲ. ಅಣೆಕಟ್ಟನ್ನು ಕಟ್ಟಿದ ಕಾರಣವನ್ನು ಅದರ ರಕ್ಷಣೆಯ ಕಾನೂನಿಗೂ ಕಾರಣವಾಗಿ ಯಾರೂ ಸೇರಿಸಲಿಲ್ಲ.

ಆ ಬಿರುಕಿನಿಂದಲೇ 2022ರ ಏಪ್ರಿಲ್‌ನ 69ನೇ ಆದೇಶ ಒಳಗೆ ಬಂತು. ನಗರಕ್ಕೆ ಬೇಕಾದ ನೀರಿನಲ್ಲಿ ಈ ಜಲಾಶಯಗಳ ಪಾಲು ಶೇ 1.25ಕ್ಕಿಂತ ಕಡಿಮೆ, ಆದ್ದರಿಂದ ನಿರ್ಬಂಧಗಳನ್ನು ತೆಗೆಯಬಹುದು ಎಂಬುದು ಅದರ ತರ್ಕ. ಜಲಾಶಯಗಳ ನೀರು ಕೆಡಬಾರದೆಂಬ ಷರತ್ತೂ ಅದರಲ್ಲಿತ್ತು. 2023ರ ಮೇ ತಿಂಗಳಲ್ಲಿ 111ನೇ ಆದೇಶವನ್ನು ಪೂರ್ತಿಯಾಗಿ ಕೈಬಿಡುವ ತೀರ್ಮಾನವನ್ನು ತೆಲಂಗಾಣ ಸಚಿವ ಸಂಪುಟ ಪ್ರಕಟಿಸಿತು. ಅದೇ ವರ್ಷ ಆಗಸ್ಟ್‌ನಲ್ಲಿ ಗಂಡಿಪೇಟೆಗೆ ಹತ್ತಿರದ ಕೋಕಾಪೇಟೆಯಲ್ಲಿ ಸರ್ಕಾರಿ ಭೂಮಿ ಎಕರೆಗೆ ನೂರು ಕೋಟಿ ರೂಪಾಯಿ ದಾಟಿ ಹರಾಜಾಯಿತು. ಹತ್ತಿರದ ನೆಲಕ್ಕೆ ಇಷ್ಟು ಬೆಲೆ ಏರಿರುವಾಗ ಜಲಾನಯನದ ಹೊಲಗಳ ಮೇಲೆ ಯಾರ ಕಣ್ಣು ಬಿದ್ದಿದೆ ಎಂದು ಯಾರಾದರೂ ವಿವರಿಸಬೇಕೆ? ನೀರಿನ ಪಾಲು ಶೇ 1.25 ಎಂದ ಸರ್ಕಾರ, 1908ರಂಥ ಮಳೆ ಮತ್ತೆ ಬಂದರೆ ಆ ನೀರಿನಲ್ಲಿ ಈ ಜಲಾಶಯಗಳು ತಡೆಯುವ ಪಾಲೆಷ್ಟು ಎಂಬ ಲೆಕ್ಕವನ್ನು ಏಕೆ ಮುಂದಿಡಲಿಲ್ಲ?

ಆ ಲೆಕ್ಕ ಕಷ್ಟದ್ದಲ್ಲ. ಎರಡೂ ಜಲಾಶಯಗಳ ಜಲಾನಯನ ಪ್ರದೇಶ ಸೇರಿ ಸುಮಾರು 2,000 ಚದರ ಕಿಲೋಮೀಟರ್. ಅಷ್ಟು ನೆಲದ ಮೇಲೆ ಹತ್ತು ಸೆಂಟಿಮೀಟರ್ ಮಳೆ ಬಿದ್ದರೆ ಆ ನೀರು ಸುಮಾರು 7 ಟಿಎಂಸಿ, ಅಂದರೆ ಎರಡೂ ಜಲಾಶಯ ತುಂಬಿ ನಿಂತಾಗ ಇರುವಷ್ಟು. ಬಿದ್ದದ್ದೆಲ್ಲ ಹರಿದು ಬರುವುದಿಲ್ಲ ಎಂಬುದು ನಿಜ. ಉತ್ತ ನೆಲ ಕುಡಿಯುತ್ತದೆ, ಬದು ತಡೆಯುತ್ತದೆ, ಹಳ್ಳಿಯ ಕೆರೆ ಹಿಡಿಯುತ್ತದೆ. ಡಾಂಬರು ಕುಡಿಯುವುದಿಲ್ಲ, ತಾರಸಿ ಕುಡಿಯುವುದಿಲ್ಲ. ಹೊಲವನ್ನು ಬಡಾವಣೆ ಮಾಡಿದಾಗ ಹರಿದು ಬರುವ ಪಾಲು ಹೆಚ್ಚುತ್ತದೆ. ಅದಕ್ಕಿಂತ ಮುಖ್ಯವಾಗಿ ಅದು ಬಂದು ತಲುಪುವ ಹೊತ್ತು ಕಡಿಮೆಯಾಗುತ್ತದೆ. ಹತ್ತು ಗಂಟೆಯಲ್ಲಿ ಬರುತ್ತಿದ್ದ ನೀರು ನಾಲ್ಕು ಗಂಟೆಯಲ್ಲಿ ಬಂದರೆ ಒಟ್ಟು ಪ್ರಮಾಣ ಅಷ್ಟೇ ಇದ್ದರೂ ಪ್ರವಾಹದ ತುದಿ ಎತ್ತರಕ್ಕೆ ಏರುತ್ತದೆ. ಆ ತುದಿಗೆ ತಕ್ಕಂತೆ ಗೇಟು ತೆರೆಯಲು ಸಿಬ್ಬಂದಿಗೆ ಸಿಗುವ ಸಮಯವೂ ಅಷ್ಟೇ ಕುಗ್ಗುತ್ತದೆ. 1908ರಲ್ಲಿ ಹನ್ನೆರಡು ಅಂಗುಲ ಮಳೆ ಕಂಡ ಶಂಶಾಬಾದ್ ಹಿಮಾಯತ್‌ಸಾಗರದ ಮಗ್ಗುಲಲ್ಲೇ ಇದೆ. 2008ರಿಂದ ನಗರದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವೂ ಅಲ್ಲೇ ಇದೆ. ಅದರ ಸುತ್ತ ಹಬ್ಬುತ್ತಿರುವ ನಗರ ಯಾವ ಕಡೆಗೆ ನೀರು ಹರಿಸುತ್ತದೆ?

ಇಲ್ಲಿ ಸಮರ್ಥಕರು ಒಂದು ಮಾತು ಎತ್ತುತ್ತಾರೆ. ಜಲಾಶಯಗಳು ವರ್ಷಗಟ್ಟಲೆ ತುಂಬುವುದೇ ಇಲ್ಲ, ಬರಿದಾದ ಕೆರೆಗೆ ಇಷ್ಟು ಕಾವಲೇಕೆ ಎನ್ನುತ್ತಾರೆ. ಜಲಾನಯನ ಕೆಟ್ಟಿರುವುದಕ್ಕೆ ಇದೇ ಸಾಕ್ಷಿ. ಕೊಳವೆಬಾವಿಗಳು ಅಂತರ್ಜಲವನ್ನು ಎಳೆದಾಗ, ಹಳ್ಳಗಳನ್ನು ಮುಚ್ಚಿ ದಾರಿ ಮಾಡಿದಾಗ ಸಾಧಾರಣ ಮಳೆಯ ನೀರು ಜಲಾಶಯದವರೆಗೆ ಬರುವುದಿಲ್ಲ. ಅಸಾಧಾರಣ ಮಳೆ ಬಂದಾಗ ಅದೇ ಕೆಟ್ಟ ನೆಲ ನೀರನ್ನು ಒಂದೇ ಸಲ ಎಸೆಯುತ್ತದೆ. ಬರವೂ ನೆರೆಯೂ ಒಂದೇ ಹಾಳುಗೆಡಹುವಿಕೆಯ ಎರಡು ಫಲ. 2020ರ ಅಕ್ಟೋಬರ್ 13ರ ರಾತ್ರಿ ಸುಮಾರು ಒಂದು ದಶಕದ ಬಳಿಕ ಹಿಮಾಯತ್‌ಸಾಗರದ ಗೇಟುಗಳನ್ನು ತೆರೆಯಬೇಕಾಯಿತು. ಅದೇ ದಿನಗಳಲ್ಲಿ ನಗರದ ದಕ್ಷಿಣದಲ್ಲಿ ಪಲ್ಲೆ ಚೆರುವು, ಗುರ್ರಂ ಚೆರುವುಗಳ ಏರಿಗಳು ಒಡೆದು ಕೆಳಗಿನ ಬಡಾವಣೆಗಳು ಮುಳುಗಿದವು. ಕೆರೆ ಒಡೆದು ಊರು ಮುಳುಗುವ 1908ರ ರೀತಿ ನೂರ ಹನ್ನೆರಡು ವರ್ಷಗಳ ಮೇಲೂ ಬದಲಾಗಿರಲಿಲ್ಲ. 2025ರ ಸೆಪ್ಟೆಂಬರ್ ಕೊನೆಯ ವಾರ ಎರಡೂ ಜಲಾಶಯಗಳಿಂದ ನೀರು ಬಿಟ್ಟಾಗ ಮೂಸಿ ತನ್ನ ಹಳೆಯ ಜಾಗಕ್ಕೆ ಮರಳಿ ಮಹಾತ್ಮ ಗಾಂಧಿ ಬಸ್ ನಿಲ್ದಾಣದೊಳಗೆ ನುಗ್ಗಿತು. ಪ್ರಯಾಣಿಕರನ್ನು ರಾತ್ರಿಯಲ್ಲಿ ಹೊರಗೆ ಕರೆತರಬೇಕಾಯಿತು. ಚಾದರ್‌ಘಾಟ್, ಮೂಸಾರಾಂಬಾಗ್‌ಗಳ ತಗ್ಗಿನ ಮನೆಗಳವರು ಮತ್ತೊಮ್ಮೆ ಎಲ್ಲವನ್ನೂ ಬಿಟ್ಟು ಎದ್ದರು. ನದಿಯ ತಳದಲ್ಲೇ ಬಸ್ ನಿಲ್ದಾಣ, ಮನೆ, ರಸ್ತೆ ಕಟ್ಟಲು ಬಿಟ್ಟವರು ಯಾರು?

ಈ ಮೂರು ನೆರೆಗಳ ತಿಂಗಳುಗಳನ್ನು ಗಮನಿಸಬೇಕು: 1908ರಲ್ಲಿ ಸೆಪ್ಟೆಂಬರ್ ಕೊನೆ, 2020ರಲ್ಲಿ ಅಕ್ಟೋಬರ್ ಮಧ್ಯ, 2025ರಲ್ಲಿ ಮತ್ತೆ ಸೆಪ್ಟೆಂಬರ್ ಕೊನೆ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ದಖ್ಖನ್ ಒಳನಾಡಿಗೆ ಭಾರಿ ಮಳೆ ತರುವ ಕಾಲ ಅದು. ನೆಲ ನೆನೆದು ತೊಯ್ದಿರುತ್ತದೆ. ಮುಂಗಾರು ಮುಗಿಯುತ್ತಿದೆ ಎಂದು ಜಲಾಶಯಗಳನ್ನು ಪೂರ್ಣ ಮಟ್ಟಕ್ಕೆ ತುಂಬಿ ನಿಲ್ಲಿಸುವುದೂ ಆಗಲೇ. ಖಾಲಿ ಜಾಗ ಅತಿ ಹೆಚ್ಚು ಬೇಕಾದ ವಾರಗಳಲ್ಲಿ ಖಾಲಿ ಜಾಗ ಅತಿ ಕಡಿಮೆ ಇರುವಂತೆ ಈ ಅಣೆಕಟ್ಟುಗಳನ್ನು ನಡೆಸಲಾಗುತ್ತಿದೆ.

ಈಗ ಅದಕ್ಕಿಂತ ದೊಡ್ಡ ಅಪಾಯ ಯೋಜನೆಯ ರೂಪದಲ್ಲಿ ಬಂದಿದೆ. ಮಲ್ಲಣ್ಣಸಾಗರದಿಂದ ಗೋದಾವರಿ ನೀರನ್ನು ತಂದು ಉಸ್ಮಾನ್‌ಸಾಗರ, ಹಿಮಾಯತ್‌ಸಾಗರಗಳನ್ನು ತುಂಬಿಸಿ, ಅಲ್ಲಿಂದ ಮೂಸಿಗೆ ವರ್ಷವಿಡೀ ಶುದ್ಧ ನೀರು ಹರಿಸುವ ಕಾಮಗಾರಿಗೆ 2025ರ ಸೆಪ್ಟೆಂಬರ್‌ನಲ್ಲಿ ಶಂಕುಸ್ಥಾಪನೆಯಾಯಿತು. ಅದೇ ತಿಂಗಳ ಕೊನೆಯಲ್ಲಿ ಮೂಸಿ ಬಸ್ ನಿಲ್ದಾಣಕ್ಕೆ ನುಗ್ಗಿತು. ಕೊಳಚೆ ಕಾಲುವೆಯಾಗಿರುವ ಮೂಸಿ ಶುದ್ಧವಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನೂರಾರು ಕಿಲೋಮೀಟರ್ ದೂರದ ನೀರನ್ನು ವಿದ್ಯುತ್ ಸುರಿದು ಎತ್ತಿ ತಂದು ತುಂಬಿಸಿದ ಜಲಾಶಯವನ್ನು ಮಳೆಯ ಮುನ್ಸೂಚನೆ ಬಂತೆಂದು ಖಾಲಿ ಮಾಡಲು ಯಾವ ಅಧಿಕಾರಿ ಧೈರ್ಯ ಮಾಡುತ್ತಾನೆ? ಹಣ ಕೊಟ್ಟು ತಂದ ನೀರು ಒಳಗೆ ನಿಂತಷ್ಟೂ ನೆರೆಯ ಜಾಗ ಕುಗ್ಗುತ್ತದೆ. ಎಷ್ಟು ಅಡಿ ಜಾಗವನ್ನು ಯಾವ ದಿನದಿಂದ ಯಾವ ದಿನದವರೆಗೆ ಮುಟ್ಟಬಾರದು ಎಂಬ ನಿಯಮವನ್ನು ಕಾಮಗಾರಿಗಿಂತ ಮೊದಲೇ ಬರೆದಿಡಬೇಕಿತ್ತು.

ಹಳೆಯ ಅಣೆಕಟ್ಟಿನ ಪುನಶ್ಚೇತನವೆಂದರೆ ದಡದಲ್ಲಿ ಉದ್ಯಾನ ಮಾಡಿ ದೀಪ ಹಾಕುವುದು ಎಂಬ ನಂಬಿಕೆಯೂ ಇಷ್ಟೇ ಕೆಟ್ಟದ್ದು. ಗೇಟು, ಸರಪಳಿ, ಗೇರು, ಕೋಡಿಯ ಕಲ್ಲುಕಟ್ಟಡ, ಏರಿಯೊಳಗಿನ ಸೋರಿಕೆ, ಇವು ಕಣ್ಣಿಗೆ ಬೀಳದ ವಸ್ತುಗಳು. ಅಲ್ಲಿ ಖರ್ಚು ಮಾಡಿದ ಹಣಕ್ಕೆ ಉದ್ಘಾಟನೆಯ ರಿಬ್ಬನ್ ಕಟ್ಟಲಾಗದು. ಅದರ ಬೆಲೆ ಏನೆಂದು ಕನ್ನಡಿಗರಿಗೆ ಬೇರೆಯವರು ಹೇಳಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿ ನಿಂತಿದ್ದ ಜಲಾಶಯದಿಂದ ನೀರನ್ನು ಹೊಳೆಗೆ ಬಿಡುತ್ತಲೇ ತಾತ್ಕಾಲಿಕ ತಡೆ ಅಳವಡಿಸಬೇಕಾಯಿತು. ಅದು ಎಪ್ಪತ್ತು ವರ್ಷದ ಅಣೆಕಟ್ಟು. ಗಂಡಿಪೇಟೆಯದು ಅದಕ್ಕಿಂತ ಮೂರು ದಶಕ ಹಿರಿಯದು, ಅದರ ಕೆಳಗೆ ಇರುವುದು ಒಂದು ಮಹಾನಗರ.

ಬೆಂಗಳೂರಿನವರು ಇದನ್ನು ನೆರೆಮನೆಯ ವಿಚಾರವೆಂದು ನೋಡುವ ಹಾಗಿಲ್ಲ. ಅರ್ಕಾವತಿ ಮತ್ತು ಕುಮುದ್ವತಿ ಸೇರುವಲ್ಲಿ 1930ರ ದಶಕದಲ್ಲಿ ಬಂದ ತಿಪ್ಪಗೊಂಡನಹಳ್ಳಿ ಜಲಾಶಯದ ಜಲಾನಯನಕ್ಕೆ 2003ರಲ್ಲಿ ಸರ್ಕಾರ ರಕ್ಷಣೆಯ ಅಧಿಸೂಚನೆ ಹೊರಡಿಸಿತು. ಕಾವೇರಿ ನೀರು ಬಂದು ತಿಪ್ಪಗೊಂಡನಹಳ್ಳಿಯ ಹೆಸರು ಮಸುಕಾದ ಮೇಲೆ 2019ರಲ್ಲಿ ಆ ರಕ್ಷಣಾ ವಲಯವನ್ನು ಸಡಿಲಿಸಲಾಯಿತು. ಎರಡೂ ಊರುಗಳಲ್ಲಿ ನಡೆದ ಕ್ರಮ ಒಂದೇ: ದೂರದ ನದಿಯ ನೀರು ಬಂತು, ಹತ್ತಿರದ ನದಿ ಬೇಡವಾಯಿತು, ಅದರ ನೆಲ ಮಾರಾಟಕ್ಕೆ ಬಂತು.

84 ಹಳ್ಳಿಗಳ ರೈತರ ಹೆಸರಿನಲ್ಲಿ ಆದೇಶ ರದ್ದಾಗಬೇಕೆಂಬ ಕೂಗಿಗೂ ಉತ್ತರ ಹೇಳಬೇಕು. ಪಕ್ಕದ ಊರಿನ ಎಕರೆ ಕೋಟಿಗಳಿಗೆ ಹೋಗುವಾಗ ತಮ್ಮ ಹೊಲಕ್ಕೆ ಬೆಲೆಯಿಲ್ಲ ಎಂಬ ಅವರ ಸಂಕಟ ನ್ಯಾಯವಾದದ್ದು. ಆದರೆ ನಿರ್ಬಂಧ ತೆಗೆದ ದಿನ ಲಾಭ ಪಡೆಯುವವರು ಆ ವೇಳೆಗಾಗಲೇ ಅವರಿಂದ ಅಗ್ಗಕ್ಕೆ ಕೊಂಡವರು. ಕೆಳಗಿನ ನಗರದ ಲಕ್ಷಾಂತರ ಜನರನ್ನು ನೆರೆಯಿಂದ ಕಾಯುತ್ತಿರುವುದು ಆ ಹೊಲಗಳು. ಆ ಕೆಲಸಕ್ಕೆ ನಗರ ಕೂಲಿ ಕೊಡಬೇಕು. ಎಕರೆಗೆ ಇಷ್ಟೆಂದು ಪ್ರತಿ ವರ್ಷ ಹಣ, ಬೇರೆಡೆ ಬಳಸಬಹುದಾದ ಅಭಿವೃದ್ಧಿ ಹಕ್ಕು, ಕೆರೆ ಮತ್ತು ಬದುಗಳ ದುರಸ್ತಿಗೆ ನೇರ ಅನುದಾನ ಕೊಡಲು ಹೈದರಾಬಾದಿಗೆ ಶಕ್ತಿಯಿದೆ. ಕೋಕಾಪೇಟೆಯ ಹರಾಜಿನ ಹಣ ಎಲ್ಲಿಗೆ ಹೋಗಬೇಕೆಂದು ಕೇಳಿದರೆ ಇದಕ್ಕಿಂತ ಯೋಗ್ಯ ಉತ್ತರ ಇನ್ನೊಂದಿಲ್ಲ.

ಮೊದಲು 111ನೇ ಆದೇಶದ ಜಾಗದಲ್ಲಿ ನೆರೆ ತಡೆಯುವುದನ್ನೇ ಮೊದಲ ಉದ್ದೇಶವೆಂದು ಹೇಳುವ ಶಾಸನ ಬರಬೇಕು. ಸಂಪುಟದ ಒಂದು ಸಭೆಯಲ್ಲಿ ಅಳಿಸಲಾಗದಂತೆ ಅದು ವಿಧಾನಸಭೆಯಿಂದ ಬರಬೇಕು. ಗೇಟುಗಳ ಅಧಿಕಾರ ಜಲಮಂಡಳಿಯಿಂದ ನೀರಾವರಿ ಇಲಾಖೆಯ ಪ್ರವಾಹ ನಿಯಂತ್ರಣ ಘಟಕಕ್ಕೆ ಹೋಗಬೇಕು. ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಪೂರ್ಣ ಮಟ್ಟಕ್ಕಿಂತ ಎಷ್ಟು ಕೆಳಗೆ ನೀರು ನಿಲ್ಲಿಸಬೇಕೆಂಬ ಪಟ್ಟಿಯನ್ನು ಪ್ರಕಟಿಸಬೇಕು. ಗೋದಾವರಿ ನೀರಿಗೂ ಅದೇ ಮಿತಿ ಅನ್ವಯಿಸಬೇಕು. ಅನಂತಗಿರಿ ಬೆಟ್ಟದಿಂದ ಶಂಶಾಬಾದಿನವರೆಗೆ ಮಳೆಮಾಪಕ ಮತ್ತು ಹರಿವಿನ ಮಾಪಕಗಳ ಜಾಲ ಹಾಕಿ, ಅದರ ಅಂಕಿಗಳನ್ನು ಆ ಕ್ಷಣದಲ್ಲೇ ಜನರಿಗೂ ಕಾಣುವಂತೆ ಮಾಡಬೇಕು. ಒಡೆದ, ಹೂಳಿದ, ಒತ್ತುವರಿಯಾದ ಮೇಲಿನ ಕೆರೆಗಳನ್ನು ಒಂದೊಂದಾಗಿ ಸರಿಪಡಿಸಬೇಕು. ಒಡೆದ 221 ಕೆರೆಗಳ ಪಾಠವನ್ನು ಬಿಟ್ಟು ಅಣೆಕಟ್ಟನ್ನಷ್ಟೇ ದುರಸ್ತಿ ಮಾಡಿದರೆ ಅದು ಅರ್ಧ ಕೆಲಸ. ಕೆಳಗೆ ಲಂಗರ್‌ಹೌಸ್‌ನ ಸಂಗಮದಿಂದ ಚಾದರ್‌ಘಾಟ್‌ವರೆಗೆ ನದಿ ಎಷ್ಟು ಕ್ಯುಸೆಕ್ ತಾಳುತ್ತದೆಂದು ಅಳೆದು, ಆ ರೇಖೆಯೊಳಗೆ ವಾಸವಿರುವ ಬಡವರಿಗೆ ಅದೇ ಪ್ರದೇಶದಲ್ಲಿ, ಅವರ ಕೆಲಸಗಳಿಗೆ ಹತ್ತಿರದಲ್ಲಿ, ಮೊದಲೇ ಮನೆ ಕಟ್ಟಿಕೊಟ್ಟು ನಂತರವೇ ಸ್ಥಳಾಂತರ ಮಾಡಬೇಕು.

ಇದರಲ್ಲಿ ಒಂದು ಭಾಗಕ್ಕೆ ಕಾನೂನಿನ ಬಲ ಆಗಲೇ ಇದೆ. 2021ರ ಡಿಸೆಂಬರ್ 30ರಂದು ಜಾರಿಗೆ ಬಂದ ಅಣೆಕಟ್ಟು ಸುರಕ್ಷತಾ ಕಾಯ್ದೆ, ಇಂಥ ಅಣೆಕಟ್ಟುಗಳಿಗೆ ತುರ್ತು ಕ್ರಿಯಾ ಯೋಜನೆಯನ್ನೂ ಸ್ವತಂತ್ರ ತಜ್ಞರಿಂದ ಸಮಗ್ರ ಸುರಕ್ಷತಾ ಪರಿಶೀಲನೆಯನ್ನೂ ಐದು ವರ್ಷಗಳೊಳಗೆ ಮಾಡಿಸಬೇಕೆಂದು ಮಾಲೀಕರಿಗೆ ವಿಧಿಸುತ್ತದೆ. ಆ ಪರಿಶೀಲನೆಯಲ್ಲಿ 1908ರ ಮಳೆಯನ್ನು ಇಂದಿನ ಜಲಾನಯನದ ಮೇಲೆ, ಇಂದಿನ ಕಾಂಕ್ರೀಟಿನ ಮೇಲೆ ಸುರಿಸಿ ನೋಡಬೇಕು. ಬರುವ ಒಳಹರಿವಿಗೆ ಕೋಡಿ ಮತ್ತು ಗೇಟುಗಳು ಸಾಲುತ್ತವೆಯೇ ಎಂದು ಪರೀಕ್ಷಿಸಿ, ಸಾಲದಿದ್ದರೆ ಹೆಚ್ಚುವರಿ ಕೋಡಿ ಕಟ್ಟಬೇಕು. ಆ ವರದಿ ತೆಲುಗು ಮತ್ತು ಉರ್ದುವಿನಲ್ಲಿ ಅಚ್ಚಾಗಿ ಮೂಸಿ ದಂಡೆಯ ಪ್ರತಿ ವಾರ್ಡ್ ಕಚೇರಿಯಲ್ಲಿ ಸಿಗಬೇಕು. ಅದು ಬಂದು ಜನರು ಓದಿ ಪ್ರಶ್ನೆ ಕೇಳುವವರೆಗೆ, 84 ಹಳ್ಳಿಗಳಲ್ಲಿ ಒಂದು ಬಡಾವಣೆಗೂ ನಕ್ಷೆ ಮಂಜೂರಾಗಬಾರದು.